ಚರ್ಮದ ಮೇಲಿನ ನಾಯಕ

ಸೊರೆಂಟೊ ವ್ಯಾಲಿಯ ಗೆಳೆಯರೇ, ಚರ್ಮದ ಮೇಲೆ ಬರೆದ ಲಕೋಟಾ ನಾಯಕ ಸಿಟ್ಟಿಂಗ್ ಬುಲ್‌ನ ಮುಖವನ್ನು ನೀವು ಅಂಗಡಿಯಲ್ಲೆಲ್ಲೋ ಕಂಡಿರಬಹುದು. ಆತನ ಜನ ಮಾತ್ರ ಕಾಡೆಮ್ಮೆಯ ಚರ್ಮದ ಮೇಲೆ ಮುಖಕ್ಕಿಂತ ನಡೆದ ಸಂಗತಿಯನ್ನೇ ಬರೆಯುತ್ತಿದ್ದರು, ವರ್ಷಕ್ಕೊಂದು ಚಿತ್ರದಂತೆ. ತನ್ನನ್ನೇ ಬರೆದುಕೊಂಡಾಗ ಆತ ತಲೆಯಿಂದ ಗೆರೆ ಎಳೆದು ಕುಳಿತ ಗೂಳಿಯನ್ನು ಬಿಡಿಸಿದ, ಅದೇ ಸಹಿ! 1880ರ ದಶಕದ ಹೊತ್ತಿಗೆ ಬೇಟೆಗಾರರಿಂದ ಕಾಡೆಮ್ಮೆಯೇ ಅಳಿಯುವಂತಾಗಿ, ಚಿತ್ರಗಳು ಬಟ್ಟೆಗೆ, ಲೆಕ್ಕದ ಪುಸ್ತಕದ ಹಾಳೆಗೆ ಇಳಿದವು.

ನಮ್ಮ ತೊಗಲು ಗೊಂಬೆ ನೆನಪಾಯಿತೇ? ಹದ ಮಾಡಿದ ಆಡಿನ ಚರ್ಮ, ಎರಡೂ ಕಡೆ ಬಣ್ಣ, ಬೆಳಕು ನುಸುಳಲು ಸಣ್ಣ ತೂತುಗಳು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯನ್ನೂ ಹೀಗೆ ಪರದೆಗೆ ತಂದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಊರಿಂದ ತಂದ ಗೊಂಬೆಗೆ ರಟ್ಟು ಒತ್ತಿ ಫ್ರೇಮು ಹಾಕಿಸಬೇಡಿ. ಹಿಂದೊಂದು ದೀಪವಿಟ್ಟು ಮಕ್ಕಳನ್ನು ಕರೆಯಿರಿ.