ಒಲೆ ಬೇಡ ಅಂದರೆ ಕೋವಿಯೂ ಸುಮ್ಮನಾಗುತ್ತೆ

ಹಬ್ಬಕ್ಕೋ, ಮದುವೆಗೋ ಅಂತ ತವರಿಗೆ ಹೋಗಿದ್ದೀರಿ. ಸಾಗರವೋ, ಹೊಸನಗರವೋ, ತೀರ್ಥಹಳ್ಳಿಯೋ... ಬೆಳಗಾಗುವಷ್ಟರಲ್ಲಿ ಹಿತ್ತಲ ಬಾಗಿಲಿಗೆ ಬಂದ ಯಾರೋ ಒಬ್ಬರು ಪ್ಲಾಸ್ಟಿಕ್ ಕವರೊಂದನ್ನು ಕೊಟ್ಟು ಹೋಗುತ್ತಾರೆ. 'ಪೇಟೆಯಿಂದ ತಂಗಿ ಬಂದಾಳಲ್ಲ, ಕಾಡಿನದು, ಮಾಡಿ ಬಡಿಸಿ' ಅಂತ ಪಿಸುಮಾತು. ಅತ್ತಿಗೆ ಅದನ್ನು ಒಳಗೆ ತಂದಿಟ್ಟು ನಿಮ್ಮ ಮುಖ ನೋಡುತ್ತಾರೆ. ಈಗ ನೀವೇನು ಮಾಡ್ತೀರಿ?

ನಮ್ಮಲ್ಲಿ ಬಹಳಷ್ಟು ಮಂದಿ ಸುಮ್ಮನಿದ್ದುಬಿಡುತ್ತೇವೆ. 'ಕೊಂದವರು ನಾವಲ್ಲವಲ್ಲ, ಪ್ರೀತಿಯಿಂದ ಕೊಟ್ಟಿದ್ದಾರೆ, ಬೇಡ ಅಂದ್ರೆ ಬೇಜಾರು ಮಾಡ್ಕೋತಾರೆ' ಅನ್ನೋದು ನಮ್ಮ ಲೆಕ್ಕ. ಆದರೆ ಶಿಕಾರಿ ಮುಗಿಯುವುದು ಕಾಡಿನಲ್ಲಲ್ಲ, ಅಡುಗೆಮನೆಯಲ್ಲಿ. ಹೊಡೆದದ್ದನ್ನು ಕೊಳ್ಳುವವರು, ಬೇಯಿಸುವವರು, ಬಡಿಸುವವರು ಇಲ್ಲದಿದ್ದರೆ ರಾತ್ರಿಯೆಲ್ಲಾ ನಿದ್ದೆಗೆಟ್ಟು ಕಾಡು ಸುತ್ತುವ ಉಮೇದು ಯಾರಿಗಿದ್ದೀತು ಹೇಳಿ?

ಅಂದಿನ ಶಿಕಾರಿಯೇ ಬೇರೆ, ಇಂದಿನದೇ ಬೇರೆ

ಮಲೆನಾಡಿಗೂ ಶಿಕಾರಿಗೂ ಹಳೆಯ ನಂಟು. ಹಣ್ಣು ಬಿಟ್ಟ ಮರದ ಮೇಲೆ ರಾತ್ರಿ ಮರಸು ಕೂರುವುದು, ಹತ್ತಾರು ಜನ ಸೇರಿ ಪ್ರಾಣಿಗಳನ್ನು ಸೋವುವುದು, ಉರುಳು ಕಟ್ಟುವುದು - ಇವೆಲ್ಲ ಅಲ್ಲಿನ ಮನೆಮನೆಯ ಮಾತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರ ಬರಹಗಳಲ್ಲೂ ಬೇಟೆಯ ಚಿತ್ರಗಳು ಬೇಕಾದಷ್ಟಿವೆ. ಅವರ ಮಗ ಪೂರ್ಣಚಂದ್ರ ತೇಜಸ್ವಿ ಯೌವನದಲ್ಲಿ ಕೋವಿ ಹಿಡಿದು ಕಾಡು ಅಲೆದವರು. ಆಮೇಲೆ ಅದೇ ಕೈಯಲ್ಲಿ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಹೋದರು. ಒಂದೇ ಮನೆತನದಲ್ಲಿ ಕಾಲ ಬದಲಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಬದಲಾಗಲೇಬೇಕಿತ್ತು. ಯಾಕೆಂದರೆ ಅಂದಿನಷ್ಟು ಕಾಡೂ ಈಗಿಲ್ಲ, ಪ್ರಾಣಿಗಳೂ ಇಲ್ಲ. ಬೇಟೆಯ ರೀತಿ ಮಾತ್ರ ಜೋರಾಗಿದೆ. ಕಣ್ಣು ಕೋರೈಸುವ ಹೆಡ್‌ಲೈಟ್, ಕಾಡಿನೊಳಗೂ ನುಗ್ಗುವ ಜೀಪು, ಕ್ಷಣದಲ್ಲಿ ಗಿರಾಕಿಗೆ ಸುದ್ದಿ ಮುಟ್ಟಿಸುವ ಮೊಬೈಲ್! ಮನೆ ಸಾರಿಗೆ ಅಂತ ಇದ್ದದ್ದು ಈಗ ಪೇಟೆಗೆ ಮಾರುವ ವ್ಯಾಪಾರವೂ ಆಗಿದೆ. ಕೊಳ್ಳುವ ಪೇಟೆಯವರು ಯಾರು? ನಮ್ಮ ಅಕ್ಕಪಕ್ಕದವರೇ.

ಕವರ್ ತೆಗೆದುಕೊಂಡರೂ ತಪ್ಪು!

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಲ್ಲುವುದು ಮಾತ್ರ ಬೇಟೆಯಲ್ಲ. ಉರುಳು ಹಾಕುವುದು, ವಿಷ ಇಡುವುದು, ಸೋವುವುದು, ಹಿಡಿಯುವುದು, ಕೊನೆಗೆ ಇದಕ್ಕೆಲ್ಲ ಪ್ರಯತ್ನಿಸುವುದೂ ಬೇಟೆಯೇ. ಗೂಡು ಕಿತ್ತರೆ, ಮೊಟ್ಟೆ ತೆಗೆದರೆ ಅದೂ ಸೇರುತ್ತದೆ. ಕಾಡುಪ್ರಾಣಿಯ ಮಾಂಸ, ಚರ್ಮ, ಕೊಂಬು ಎಲ್ಲವೂ ಸರ್ಕಾರದ ಸ್ವತ್ತು. ಅದನ್ನು ಕೊಳ್ಳುವುದಷ್ಟೇ ಅಲ್ಲ, ಬಿಟ್ಟಿಯಾಗಿ ಕೊಟ್ಟದ್ದನ್ನು ಇಟ್ಟುಕೊಳ್ಳುವುದೂ ಅಪರಾಧ. ನಿಮ್ಮ ಫ್ರಿಜ್‌ನಲ್ಲಿ ಸಿಕ್ಕರೆ ಅದು ಅಕ್ರಮವಲ್ಲ ಅಂತ ಸಾಬೀತು ಮಾಡಬೇಕಾದವರು ನೀವೇ.

2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮಗಳಲ್ಲಿ ದಂಡ ಹೆಚ್ಚಾಗಿದೆ. ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಹುಲಿ, ಚಿರತೆ, ಕಾಟಿ, ಸಿಂಗಳೀಕ, ಚಿಪ್ಪುಹಂದಿ, ಬರ್ಕ, ನವಿಲು ಮುಂತಾಗಿ ಮೊದಲ ಪಟ್ಟಿಯಲ್ಲಿರುವ ಪ್ರಾಣಿಗಳಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಅಭಯಾರಣ್ಯದ ಒಳಗೆ ಬೇಟೆಯಾಡಿದರೆ ಅದು ಕಾಡುಹಂದಿಯೇ ಆಗಿದ್ದರೂ ಇದೇ 3ರಿಂದ 7 ವರ್ಷ. ಶರಾವತಿ ಕಣಿವೆಯ ಅಭಯಾರಣ್ಯವನ್ನು 2019ರಲ್ಲಿ ಸಿಂಗಳೀಕಗಳ ಹೆಸರಿನಲ್ಲಿ 900 ಚದರ ಕಿಲೋಮೀಟರಿಗೂ ಹೆಚ್ಚಿನ ವ್ಯಾಪ್ತಿಗೆ ವಿಸ್ತರಿಸಲಾಗಿದೆ. ಇತ್ತ ಶಿವಮೊಗ್ಗದ ಕಡೆಯಿಂದ ಶೆಟ್ಟಿಹಳ್ಳಿ ಅಭಯಾರಣ್ಯ ಚಾಚಿಕೊಂಡಿದೆ. ಹಾಗಾಗಿ 'ನಮ್ಮ ಮನೆ ಹಿಂದಿನ ಕಾನು ತಾನೇ' ಅಂದುಕೊಂಡದ್ದು ಅಭಯಾರಣ್ಯವೂ ಆಗಿರಬಹುದು!

ಕೋವಿಗೆ ಲೈಸೆನ್ಸ್ ಇದೆಯಲ್ಲ ಅಂತೀರಾ? ಬೆಳೆ ರಕ್ಷಣೆಗೆ ಕೊಟ್ಟ ಲೈಸೆನ್ಸ್ ಕೋವಿ ಇಟ್ಟುಕೊಳ್ಳಲು ಮಾತ್ರ, ಬೇಟೆಗಲ್ಲ. ಸಿಕ್ಕಿಬಿದ್ದರೆ ಕೋವಿಯೂ ಹೋಯಿತು, ಮಾಂಸ ಸಾಗಿಸಿದ ಕಾರು, ಬೈಕೂ ಹೋಯಿತು. ಕೋರ್ಟಿಗೆ ಅಲೆಯುವವರು ಗಂಡಸರಾದರೂ ವಕೀಲರ ಫೀಸಿಗೆ ಬಳೆ ಬಿಚ್ಚಿಕೊಡುವವರು ಯಾರು? ಶಾಲೆಯಲ್ಲಿ ಸ್ನೇಹಿತರ ಮುಂದೆ ತಲೆ ತಗ್ಗಿಸುವ ಮಗುವನ್ನು ಸಮಾಧಾನ ಮಾಡುವವರು ಯಾರು? ಹಂದಿ ಅಂದುಕೊಂಡು ಕತ್ತಲಲ್ಲಿ ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ಅಲ್ಲಿಗೆ ಎರಡು ಮನೆಗಳ ದೀಪ ಆರಿದಂತೆ.

ಸಾಯುವುದು ಒಂದಲ್ಲ

ಮಂಗಟ್ಟೆ ಹಕ್ಕಿಯ ಸಂಸಾರದ ಕಥೆ ಕೇಳಿ. ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಸೇರಿ, ಸಣ್ಣ ಸೀಳೊಂದನ್ನು ಬಿಟ್ಟು ಬಾಗಿಲು ಮುಚ್ಚಿಕೊಳ್ಳುತ್ತದೆ. ವಾರಗಟ್ಟಲೆ ಗಂಡು ಹಕ್ಕಿ ಹಣ್ಣು ತಂದು ಆ ಸೀಳಿನಲ್ಲೇ ತಿನ್ನಿಸಬೇಕು. ಹಣ್ಣಿನ ಮರದಲ್ಲಿ ಕೂತ ಆ ಗಂಡನ್ನು ಯಾರೋ ಹೊಡೆದರು ಅನ್ನಿ. ಪೊಟರೆಯೊಳಗಿನ ಬಾಣಂತಿ, ಮರಿಗಳ ಗತಿ?

ಚಿಪ್ಪುಹಂದಿ ಸಾಮಾನ್ಯವಾಗಿ ಒಂದು ಸಲಕ್ಕೆ ಹೆರುವುದು ಒಂದೇ ಮರಿ. ಅದನ್ನು ಬಾಲದ ಮೇಲೆ ಕೂರಿಸಿಕೊಂಡು ಓಡಾಡುತ್ತದೆ. ಅದರ ಚಿಪ್ಪಿನಲ್ಲಿ ಔಷಧಿ ಗುಣವಿದೆ ಅಂತ ಕಳ್ಳಸಾಗಣೆ ನಡೆಯುತ್ತದೆ. ಆ ಚಿಪ್ಪು ನಮ್ಮ ಉಗುರಿನಲ್ಲಿರುವ ಕೆರಾಟಿನ್‌ನಿಂದಲೇ ಆದದ್ದು. ಕತ್ತರಿಸಿ ಎಸೆಯುವ ಉಗುರಿಗೆ ಇಲ್ಲದ ಗುಣ ಅದಕ್ಕೆಲ್ಲಿಂದ ಬಂತು? 2016ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಸೇರಿದ ರಾಷ್ಟ್ರಗಳು ಜಗತ್ತಿನ ಎಂಟೂ ಜಾತಿಯ ಚಿಪ್ಪುಹಂದಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲು ಒಪ್ಪಿದವು.

ಹಂದಿಗೆಂದು ಇಟ್ಟ ಸಿಡಿಮದ್ದು ಹಂದಿಯನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಮೇಯಲು ಬಿಟ್ಟ ನಿಮ್ಮ ತವರಿನ ದನವೂ ಅದನ್ನು ಕಚ್ಚೀತು. 2020ರ ಮೇನಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗರ್ಭಿಣಿ ಆನೆಯೊಂದು ಇಂಥದ್ದೇ ಸಿಡಿಮದ್ದು ಕಚ್ಚಿ, ಬಾಯಿ ಒಡೆದು, ನದಿಯ ನೀರಿನಲ್ಲಿ ನಿಂತೇ ಪ್ರಾಣ ಬಿಟ್ಟದ್ದನ್ನು ದೇಶವೇ ನೋಡಿ ಕಣ್ಣೀರು ಹಾಕಿತು.

ಆರೋಗ್ಯದ ಮಾತು

'ಕಾಡಿನ ಮಾಂಸ ಮೈಗೆ ಒಳ್ಳೇದು' ಅನ್ನುವವರಿದ್ದಾರೆ. ಕಸಾಯಿಖಾನೆಯ ಮಾಂಸವನ್ನಾದರೂ ಪಶುವೈದ್ಯರು ನೋಡುತ್ತಾರೆ, ಇದನ್ನು ನೋಡುವವರು ಯಾರು? ಗುಂಡಿನ ಸೀಸದ ಚೂರುಗಳು ಮಾಂಸದಲ್ಲೇ ಉಳಿಯುತ್ತವೆ. ಸೀಸ ಮಕ್ಕಳಿಗೂ ಗರ್ಭಿಣಿಯರಿಗೂ ವಿಷ.

ಮಂಗನ ಕಾಯಿಲೆಯನ್ನಂತೂ ಈ ಭಾಗದವರು ಮರೆಯುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ, 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಹಲವರ ಪ್ರಾಣ ತೆಗೆಯಿತು. ಹರಡುವುದು ಉಣುಗಿನಿಂದ. ಬೇಸಿಗೆ ರಾತ್ರಿಯಲ್ಲಿ ಕಾಡು ಸುತ್ತಿ ಬಂದವರ ಬಟ್ಟೆ, ಬೇಟೆನಾಯಿ, ಹೊತ್ತು ತಂದ ಪ್ರಾಣಿ - ಇವೆಲ್ಲದರ ಜೊತೆ ಉಣುಗೂ ಮನೆಯೊಳಗೆ ಬರಬಹುದು.

ಟೋಪಿಯ ಗರಿ ಬೇಡವೆಂದ ಹೆಂಗಸರು

'ನಾವು ನಾಲ್ಕು ಹೆಂಗಸರು ಬೇಡ ಅಂದ್ರೆ ಏನಾಗುತ್ತೆ?' ಅಂತ ಕೇಳಬಹುದು. ಇಂಗ್ಲೆಂಡಿನಲ್ಲಿ ಏನಾಯಿತು ಅಂತ ನೋಡಿ. ನೂರಮೂವತ್ತು ವರ್ಷಗಳ ಹಿಂದೆ ಅಲ್ಲಿನ ಸಿರಿವಂತ ಹೆಂಗಸರ ಟೋಪಿಗಳಿಗೆ ಹಕ್ಕಿ ಗರಿಯೇ ಫ್ಯಾಶನ್. ಅದರಲ್ಲೂ ಬೆಳ್ಳಕ್ಕಿಯ ನವಿರಾದ ಗರಿಗೆ ಬಹಳ ಬೇಡಿಕೆ. ಆ ಗರಿ ಮೂಡುವುದು ಮರಿ ಮಾಡುವ ಕಾಲದಲ್ಲಿ ಮಾತ್ರ. ಹಾಗಾಗಿ ತಾಯಿ ತಂದೆಯರನ್ನು ಗೂಡಿನಲ್ಲೇ ಕೊಲ್ಲುತ್ತಿದ್ದರು, ಮರಿಗಳು ಹಸಿದು ಸಾಯುತ್ತಿದ್ದವು. 1889ರಲ್ಲಿ ಮ್ಯಾಂಚೆಸ್ಟರ್ ಬಳಿಯ ತಮ್ಮ ಮನೆಯಲ್ಲಿ ಎಮಿಲಿ ವಿಲಿಯಮ್ಸನ್ ಗೆಳತಿಯರನ್ನು ಸೇರಿಸಿ ಸಂಘ ಕಟ್ಟಿದರು. ಮೊದಲಿಗೆ ಸದಸ್ಯರೆಲ್ಲ ಹೆಂಗಸರೇ. ಶಪಥ ಸರಳವಾಗಿತ್ತು: ಇಂಥ ಗರಿ ತೊಡುವುದಿಲ್ಲ. ಜನ ನಕ್ಕರು. ಅವರು ಬಿಡಲಿಲ್ಲ. 1904ರಲ್ಲಿ ರಾಜಮನ್ನಣೆ ಸಿಕ್ಕಿತು. 1921ರಲ್ಲಿ ಗರಿಗಳ ಆಮದನ್ನೇ ನಿಷೇಧಿಸುವ ಕಾನೂನು ಬಂತು. ಆ ಸಂಘ ಇಂದು ಬ್ರಿಟನ್ನಿನ ದೊಡ್ಡ ಪಕ್ಷಿ ಸಂರಕ್ಷಣಾ ಸಂಸ್ಥೆ. ಹದ್ದು, ಡೇಗೆಗಳನ್ನು ಕದ್ದು ಕೊಲ್ಲುವವರ ಬೆನ್ನು ಹತ್ತುವ ತನಿಖೆಗಾರರೂ ಅದರಲ್ಲಿದ್ದಾರೆ. ನಾಯಿಗಳನ್ನು ಬಿಟ್ಟು ನರಿ ಬೇಟೆಯಾಡುವ ಹಳೇ ಸಂಪ್ರದಾಯವನ್ನೂ ಆ ದೇಶ 2004ರ ಕಾನೂನಿನಿಂದ ನಿಲ್ಲಿಸಿತು. 'ಸಂಪ್ರದಾಯ' ಅನ್ನುವ ವಾದ ಅಲ್ಲೂ ಇತ್ತು!

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವಾಗ ಮಂಡಗದ್ದೆಯಲ್ಲಿ ಮಳೆಗಾಲದಲ್ಲಿ ಬಸ್ಸಿನ ಕಿಟಕಿಯಿಂದ ತುಂಗೆಯ ಕಡೆ ನೋಡಿ. ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿಗಳ ಬಾಣಂತನ. ಅಂದು ಇಂಗ್ಲೆಂಡಿನ ಹೆಂಗಸರು ಬೇಡವೆಂದದ್ದು ಇಂಥವೇ ಹಕ್ಕಿಗಳ ಗರಿಯನ್ನು.

ತವರಿನವರ ಕಷ್ಟವೂ ನಿಜ

ಪೇಟೆಯಲ್ಲಿ ಕೂತು ಉಪದೇಶ ಮಾಡುವುದು ಸುಲಭ. ನಾಳೆ ಕೊಯ್ಯಬೇಕಾದ ಗದ್ದೆಯಲ್ಲಿ ಇಂದು ರಾತ್ರಿ ಹಂದಿ ಹೊರಳಾಡಿದರೆ, ಮಂಗಗಳು ಎಳೆ ಅಡಿಕೆಯನ್ನು ಉದುರಿಸಿದರೆ ಅಣ್ಣನ ಹೊಟ್ಟೆ ಉರಿಯದೇ ಇರುತ್ತದೆಯೇ? ಅವನನ್ನು ಕಳ್ಳಬೇಟೆಗಾರನ ಸಾಲಿಗೆ ಸೇರಿಸಿ ಮಾತಾಡಿದರೆ ತವರಿನ ಬಾಗಿಲು ಮುಚ್ಚೀತೇ ಹೊರತು ಕೋವಿ ಕೆಳಗಿಳಿಯಲ್ಲ.

ಬದಲಿಗೆ ಕೈಜೋಡಿಸಿ. ಕಾಡುಪ್ರಾಣಿಯಿಂದ ಬೆಳೆ ಹಾಳಾದರೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಇದಕ್ಕೆ 'ಇ-ಪರಿಹಾರ' ಎಂಬ ವ್ಯವಸ್ಥೆಯಿದೆ. ಹಾನಿಯಾದ ದಿನವೇ ಫೋಟೊ ತೆಗೆಸಿ, ಪಹಣಿ, ಬ್ಯಾಂಕ್ ಪಾಸ್‌ಬುಕ್ ಪ್ರತಿ ಜೋಡಿಸಿ ಹತ್ತಿರದ ರೇಂಜ್ ಆಫೀಸಿಗೆ ಅರ್ಜಿ ಹಾಕಿಸಿ. 'ಯಾರು ಅಲೀತಾರೆ' ಅಂತ ಅವರು ಬಿಟ್ಟಿರುತ್ತಾರೆ. ಅರ್ಜಿ ತುಂಬುವುದು, ಫೋನ್ ಮಾಡಿ ವಿಚಾರಿಸುವುದು ನಿಮ್ಮಿಂದ ಆಗುತ್ತದಲ್ಲ? ಸೌರಬೇಲಿ ಹಾಕಲು ಹುರಿದುಂಬಿಸಿ. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಮಾತ್ರ ಬೇಡವೇ ಬೇಡ. ಅದು ಹಂದಿಯನ್ನೂ ಕೊಲ್ಲುತ್ತದೆ, ಬೆಳಿಗ್ಗೆ ನೀರು ಬಿಡಲು ಹೋದ ಮನೆಯವರನ್ನೂ.

ಇಷ್ಟು ಮಾಡಿ ನೋಡಿ

* ಬೇಡ ಅನ್ನುವುದನ್ನು ನಗುತ್ತಲೇ ಹೇಳಿ. 'ಅಣ್ಣಯ್ಯಾ, ಕೋಳಿ ಸಾರು, ಕಡುಬು ನಾನೇ ಮಾಡ್ತೀನಿ. ಇದೊಂದು ಮಾತ್ರ ಒಲೆ ಮೇಲೆ ಇಡಲ್ಲ' ಅಂದರೆ ಯಾರೂ ಜಗಳಕ್ಕೆ ಬರಲಾರರು. ಅತ್ತಿಗೆಗೂ ಬೇಡ ಅನ್ನುವ ಧೈರ್ಯ ಬರುತ್ತದೆ. ಎಷ್ಟೋ ಸಲ ಅವರಿಗೂ ಅದು ಬೇಕಾಗಿರುವುದಿಲ್ಲ.

* ಹೋಂಸ್ಟೇ ಬುಕ್ ಮಾಡುವಾಗ 'ಕಾಡಿನ ಐಟಂ ಸಿಗುತ್ತಾ' ಅಂತ ಯಜಮಾನರ ಗೆಳೆಯರು ಕೇಳಿದರೆ ಅಲ್ಲೇ ತಡೆಯಿರಿ. ಗಿರಾಕಿ ಕೇಳದಿದ್ದರೆ ಅಂಗಡಿ ತೆರೆಯುವುದಿಲ್ಲ.

* ಮಗುವಿಗೆ ದೃಷ್ಟಿಯಾಗಬಾರದು ಅಂತ ಹುಲಿ ಉಗುರಿನ ಸರ ಹಾಕಬೇಡಿ. 2023ರ ಅಕ್ಟೋಬರ್‌ನಲ್ಲಿ ಬಿಗ್‌ಬಾಸ್ ಸ್ಪರ್ಧಿಯೊಬ್ಬರು ಹುಲಿ ಉಗುರಿನ ಪೆಂಡೆಂಟ್‌ಗಾಗಿ ಬಂಧನವಾದದ್ದು ನೆನಪಿದೆಯಲ್ಲ?

* ಅದೃಷ್ಟ ತರುತ್ತೆ ಅಂತ ಮಾರುವ 'ನರಿಕೊಂಬು' ಕೊಳ್ಳಬೇಡಿ. ನರಿಗೆ ಕೊಂಬೇ ಇರುವುದಿಲ್ಲ! 'ಹತ್ತಾಜೋಡಿ' ಬೇರಲ್ಲ, ಉಡದ ಅಂಗ. ವಾಸ್ತುವಿಗೆಂದು ಫ್ರೇಮ್ ಹಾಕಿ ಕೊಡುವ 'ಇಂದ್ರಜಾಲ' ಗಿಡವಲ್ಲ, ಹವಳದ ಬಳಗದ ಕಡಲಜೀವಿ. ಮಕ್ಕಳ ಡ್ರಾಯಿಂಗ್ ಕ್ಲಾಸಿಗೆ ಬ್ರಷ್ ಕೊಳ್ಳುವಾಗ ಮುಂಗುಸಿ ಕೂದಲಿನದಲ್ಲ ಅಂತ ಕೇಳಿ ತನ್ನಿ, ನೈಲಾನ್ ಸಾಕು. ನಮ್ಮ ಕಾಡಿನ ಗಿಳಿಗಳನ್ನು ಪಂಜರದಲ್ಲಿ ಸಾಕುವುದೂ ಅಪರಾಧ. ತಾನಾಗಿ ಉದುರಿದ ನವಿಲುಗರಿಗೆ ಮಾತ್ರ ದೇಶದೊಳಗೆ ವಿನಾಯಿತಿ ಇದೆ.

* ಹಳೇ ಮನೆಯ ಗೋಡೆಯಲ್ಲಿ ಜಿಂಕೆ, ಕಡವೆ ಕೊಂಬಿದೆಯೇ? ಇಲಾಖೆಯ ಒಡೆತನ ಪತ್ರ ಇದೆಯಾ ನೋಡಿ. ಇಂಥವನ್ನು ಘೋಷಿಸಿಕೊಳ್ಳಲು 2003ರಲ್ಲಿ 180 ದಿನಗಳ ಅವಕಾಶವಿತ್ತು. ಪತ್ರ ಇಲ್ಲದಿದ್ದರೆ ಮಾರುವುದು, ಉಡುಗೊರೆ ಕೊಡುವುದು, ಎಸೆಯುವುದು ಬೇಡ. ವಕೀಲರನ್ನು ಕೇಳಿಕೊಂಡು ಇಲಾಖೆಯನ್ನು ಸಂಪರ್ಕಿಸಿ.

* ಬೇಟೆ, ಉರುಳು, ಮಾಂಸ ಮಾರಾಟ ಕಣ್ಣಿಗೆ ಬಿದ್ದರೆ ನೀವೇ ಎದುರು ಹೋಗಬೇಡಿ. ಜಾಗ, ಸಮಯ, ವಾಹನದ ನಂಬರ್ ಗುರುತು ಮಾಡಿಕೊಂಡು ಅರಣ್ಯ ಸಹಾಯವಾಣಿ 1926 ಅಥವಾ ಪೊಲೀಸರ 112ಕ್ಕೆ ಫೋನ್ ಮಾಡಿ. ಹೆಸರು ಗುಟ್ಟಾಗಿಡಿ ಅಂತ ಕೇಳಿ. ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದರೆ ಇಲಾಖೆಗಿಂತ ಮೊದಲು ಸುದ್ದಿ ಮುಟ್ಟುವುದು ಬೇಟೆಗಾರರಿಗೆ!

ಅರಣ್ಯ ಇಲಾಖೆಯವರು ಪ್ರತಿ ಕಾನಿಗೂ ಕಾವಲು ಕೂರಲಾರರು. ಆದರೆ ಪ್ರತಿ ಅಡುಗೆಮನೆಗೂ ಒಬ್ಬ ಒಡತಿ ಇದ್ದಾಳೆ. ಅಲ್ಲಿ ಏನು ಬೇಯಬೇಕು, ಏನು ಬೇಯಬಾರದು ಅನ್ನುವ ತೀರ್ಮಾನ ಅವಳದು. ನಿಮ್ಮ ಮಗಳು ಮುಂದೊಂದು ದಿನ ತನ್ನ ಮಕ್ಕಳಿಗೆ ಸಿಂಗಳೀಕವನ್ನು, ಮಂಗಟ್ಟೆಯನ್ನು ಪುಸ್ತಕದಲ್ಲಿ ತೋರಿಸಬೇಕೋ, ಶರಾವತಿಯ ಕಾಡಿನಲ್ಲೇ ತೋರಿಸಬೇಕೋ? ಆ ತೀರ್ಮಾನದಲ್ಲೂ ನಿಮ್ಮ ಒಂದು 'ಬೇಡ'ಕ್ಕೆ ಪಾಲಿದೆ.