ಕೆಂಪುಕೋಟೆ ವಿಚಾರಣೆ: ಶಿಕ್ಷೆಯಾದರೂ ಮೂವರು ಬಿಡುಗಡೆಯಾದದ್ದು ಹೇಗೆ?

ದಿಲ್ಲಿಯ ಕೆಂಪುಕೋಟೆ ಎಂದೊಡನೆ ಆಗಸ್ಟ್ 15ರ ಧ್ವಜಾರೋಹಣ ನೆನಪಾಗುತ್ತದೆ. ಅದೇ ಕೋಟೆಯೊಳಗೆ 1945ರ ನವೆಂಬರ್ 5ರಂದು ಮೂವರು ಭಾರತೀಯ ಸೇನಾಧಿಕಾರಿಗಳು ಆರೋಪಿಗಳಾಗಿ ನಿಂತಿದ್ದರು. ಶಾ ನವಾಜ್ ಖಾನ್, ಪ್ರೇಮ್ ಕುಮಾರ್ ಸಹಗಲ್ ಮತ್ತು ಗುರುಬಕ್ಷ್ ಸಿಂಗ್ ಧಿಲ್ಲೋನ್. ಒಬ್ಬರು ಮುಸ್ಲಿಂ, ಒಬ್ಬರು ಹಿಂದೂ, ಮತ್ತೊಬ್ಬರು ಸಿಖ್. ಮೂವರೂ ನೇತಾಜಿ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜ್‌ನ ಅಧಿಕಾರಿಗಳು.

ಸೇನೆ ಹುಟ್ಟಿದ್ದು ಹೀಗೆ

1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ವಶವಾಯಿತು. ಎರಡು ದಿನಗಳ ನಂತರ ಅಲ್ಲಿನ ಫಾರರ್ ಪಾರ್ಕ್ ಮೈದಾನದಲ್ಲಿ ಭಾರತೀಯ ಸೈನಿಕರನ್ನು ಪ್ರತ್ಯೇಕವಾಗಿ ಸೇರಿಸಿ ಬ್ರಿಟಿಷ್ ಅಧಿಕಾರಿಯೊಬ್ಬರು ಜಪಾನೀಯರಿಗೆ ಒಪ್ಪಿಸಿದರು. ಹೀಗೆ ಸೆರೆಯಾದವರು ಸುಮಾರು 40 ಸಾವಿರ ಮಂದಿ. ಇವರಲ್ಲಿ ಹಲವರು ಕ್ಯಾಪ್ಟನ್ ಮೋಹನ್ ಸಿಂಗ್ ಕಟ್ಟಿದ ಫೌಜ್‌ಗೆ ಸೇರಿದರು. 1943ರಲ್ಲಿ ನೇತಾಜಿ ನಾಯಕತ್ವ ವಹಿಸಿದ ಮೇಲೆ ಮಲಯದ ರಬ್ಬರ್ ತೋಟಗಳಲ್ಲಿ ದುಡಿಯುತ್ತಿದ್ದ ತಮಿಳು ಕೂಲಿಕಾರರೂ ದೊಡ್ಡ ಸಂಖ್ಯೆಯಲ್ಲಿ ಸೇರಿದರು. ಅದೇ ವರ್ಷ ಅಕ್ಟೋಬರ್ 21ರಂದು ಸಿಂಗಪುರದಲ್ಲಿ ಆಜಾದ್ ಹಿಂದ್ ಸರಕಾರ ಘೋಷಣೆಯಾಯಿತು.

1944ರ ಇಂಫಾಲ ದಂಡಯಾತ್ರೆ ಸೋತಿತು. ಮಳೆ, ಹಸಿವು, ಮಲೇರಿಯಾ ಸೈನಿಕರನ್ನು ಕಂಗೆಡಿಸಿದವು. 1945ರ ಏಪ್ರಿಲ್ ಕೊನೆಯಲ್ಲಿ ಬರ್ಮಾದ ಅಲ್ಲನ್‌ಮ್ಯೊ ಬಳಿ ಸಹಗಲ್ ಶರಣಾದರು. ಮೇ ತಿಂಗಳಲ್ಲಿ ಪೆಗು ಬಳಿ ಶಾ ನವಾಜ್ ಮತ್ತು ಧಿಲ್ಲೋನ್ ಸೆರೆಸಿಕ್ಕರು. ಯುದ್ಧಕೈದಿಗಳೆಂದು ಒಪ್ಪುವುದಾದರೆ ಮಾತ್ರ ಶರಣಾಗುತ್ತೇವೆ ಎಂದು ತಾವು ಮೊದಲೇ ಬರೆದು ಕಳುಹಿಸಿದ್ದಾಗಿ ಸಹಗಲ್ ನ್ಯಾಯಾಲಯದಲ್ಲಿ ಹೇಳಿದರು.

ಬಿಳಿ, ಬೂದು, ಕಪ್ಪು

ಸೆರೆಸಿಕ್ಕವರನ್ನು ಬ್ರಿಟಿಷರು ವಿಚಾರಿಸಿ ಮೂರು ಗುಂಪು ಮಾಡಿದರು. ನಿಷ್ಠೆ ಬಿಡದವರು 'ಬಿಳಿ', ದಾರಿ ತಪ್ಪಿದವರು 'ಬೂದು', ಮನಸಾರೆ ಸೇರಿದವರು 'ಕಪ್ಪು'. ಕಪ್ಪು ಪಟ್ಟಿಯಿಂದ ಆರಿಸಿದ ಕೆಲವರನ್ನು ಬಹಿರಂಗವಾಗಿ ವಿಚಾರಿಸಿದರೆ ಇತರರಿಗೆ ಪಾಠವಾದೀತು, ಫೌಜ್‌ನ ಕ್ರೌರ್ಯದ ಕಥೆ ಕೇಳಿ ಜನ ದೂರ ಸರಿದಾರು ಎಂಬುದು ಸರಕಾರದ ಎಣಿಕೆ. ಅದು ತಿರುಗುಬಾಣವಾಯಿತು. 1858ರಲ್ಲಿ ಬಹದ್ದೂರ್ ಶಾ ಜಫರ್‌ನ ವಿಚಾರಣೆ ನಡೆದದ್ದೂ ಇದೇ ಕೋಟೆಯಲ್ಲಿ ಎಂಬುದನ್ನು ಜನ ಮರೆತಿರಲಿಲ್ಲ.

ವಾದ, ಪ್ರತಿವಾದ

ದೊರೆಯ ವಿರುದ್ಧ ಯುದ್ಧ ಹೂಡಿದ್ದು ಮೂವರ ಮೇಲಿನ ಮುಖ್ಯ ಆರೋಪ. ಫೌಜ್‌ನಿಂದ ತಪ್ಪಿಸಿಕೊಳ್ಳಲು ಹೊರಟ ಸೈನಿಕರನ್ನು ಗುಂಡಿಟ್ಟು ಕೊಲ್ಲಿಸಿದ್ದು ಇನ್ನೊಂದು. ಸರಕಾರದ ಪರ ಅಡ್ವೊಕೇಟ್ ಜನರಲ್ ಸರ್ ಎನ್.ಪಿ. ಇಂಜಿನಿಯರ್ ವಾದಿಸಿದರು. ಒಮ್ಮೆ ತೊಟ್ಟ ಸೈನಿಕ ಪ್ರತಿಜ್ಞೆ ಸೆರೆಯಲ್ಲೂ ಬಿಡುವುದಿಲ್ಲ ಎಂಬುದು ಅವರ ನಿಲುವು.

ಆರೋಪಿಗಳ ಪರ ಕಾಂಗ್ರೆಸ್ ರಚಿಸಿದ ವಕೀಲರ ತಂಡದಲ್ಲಿ ತೇಜ್ ಬಹದ್ದೂರ್ ಸಪ್ರು, ಕೈಲಾಸನಾಥ ಕಾಟ್ಜು, ಅಸಫ್ ಅಲಿ ಇದ್ದರು. ಜವಾಹರಲಾಲ್ ನೆಹರು ಎಷ್ಟೋ ವರ್ಷಗಳ ನಂತರ ವಕೀಲರ ಗೌನು ತೊಟ್ಟರು. ಆದರೆ ಮುಖ್ಯ ಭಾರ ಹೊತ್ತವರು ಭೂಲಾಭಾಯಿ ದೇಸಾಯಿ. ಅನಾರೋಗ್ಯದ ನಡುವೆಯೂ ಅವರು ಎರಡು ದಿನ ವಾದಿಸಿದರು. ಆಜಾದ್ ಹಿಂದ್ ಸರಕಾರಕ್ಕೆ ಜಪಾನ್, ಜರ್ಮನಿ, ಇಟಲಿ ಸೇರಿ ಒಂಬತ್ತು ಸರಕಾರಗಳ ಮಾನ್ಯತೆ ಇತ್ತು. ಅದು ನಡೆಸಿದ್ದು ಯುದ್ಧ, ಅಪರಾಧವಲ್ಲ. ಬಿಡುಗಡೆಗಾಗಿ ಹೋರಾಡುವ ಹಕ್ಕು ಪರಾಧೀನ ಜನಾಂಗಕ್ಕೂ ಇದೆ ಎಂಬುದು ವಾದದ ತಿರುಳು. ಅಮೆರಿಕ ಸ್ವತಂತ್ರವಾದದ್ದು ಬ್ರಿಟಿಷ್ ದೊರೆಗಿದ್ದ ನಿಷ್ಠೆಯನ್ನು ತೊರೆದೇ ಅಲ್ಲವೇ ಎಂದೂ ಅವರು ಪ್ರಶ್ನಿಸಿದರು.

ತೀರ್ಪು

1945ರ ಡಿಸೆಂಬರ್ 31ರಂದು ವಿಚಾರಣೆ ಮುಗಿಯಿತು. ಯುದ್ಧ ಹೂಡಿದ ಆರೋಪ ಮೂವರ ಮೇಲೂ ಸಾಬೀತಾಯಿತು. ಕೊಲೆಯ ಆರೋಪದಿಂದ ಸಹಗಲ್, ಧಿಲ್ಲೋನ್ ಪಾರಾದರೆ, ಶಾ ನವಾಜ್ ಕೊಲೆಗೆ ಕುಮ್ಮಕ್ಕು ನೀಡಿದ್ದಾರೆಂದು ನ್ಯಾಯಾಲಯ ಹೇಳಿತು. ಆಗಿನ ಭಾರತೀಯ ದಂಡ ಸಂಹಿತೆಯ 121ನೇ ಕಲಂ ಪ್ರಕಾರ ಗಲ್ಲು ಇಲ್ಲವೇ ಜೀವಾವಧಿ ಕರಿನೀರು, ಇವೆರಡೇ ಶಿಕ್ಷೆ. ನ್ಯಾಯಾಲಯ ಎರಡನೆಯದನ್ನು ವಿಧಿಸಿ, ನೌಕರಿಯಿಂದ ವಜಾ ಮಾಡಿ, ಬಾಕಿ ಸಂಬಳ ಮುಟ್ಟುಗೋಲು ಹಾಕಿತು.

ಸೇನಾ ನ್ಯಾಯಾಲಯದ ತೀರ್ಪಿಗೆ ಸೇನಾಪತಿಯ ಒಪ್ಪಿಗೆ ಬೇಕು. ಇಲ್ಲಿಯೇ ತಿರುವು ಬಂತು. ಮಹಾದಂಡನಾಯಕ ಆಕಿನ್‌ಲೆಕ್ ವಜಾ ಆದೇಶವನ್ನು ಉಳಿಸಿಕೊಂಡು, ಕರಿನೀರಿನ ಶಿಕ್ಷೆಯನ್ನು ಮನ್ನಾ ಮಾಡಿದರು. 1946ರ ಜನವರಿ 3ರಂದು ಮೂವರೂ ಹೊರಬಂದರು. ನವೆಂಬರ್‌ನಲ್ಲಿ ಕಲ್ಕತ್ತಾದಲ್ಲಿ ಗೋಲಿಬಾರ್ ನಡೆದಿತ್ತು. ಕಾಂಗ್ರೆಸ್, ಮುಸ್ಲಿಂ ಲೀಗ್ ಎರಡೂ ಆರೋಪಿಗಳ ಪರ ದನಿ ಎತ್ತಿದ್ದವು. ಸ್ವಂತ ಸೇನೆಯ ಭಾರತೀಯ ಸಿಪಾಯಿಗಳೇ ಕೈಬಿಟ್ಟಾರೆಂಬ ಅಳುಕೂ ಆಕಿನ್‌ಲೆಕ್‌ಗೆ ಇತ್ತು. ಮುಂದಿನ ತಿಂಗಳೇ ಮುಂಬಯಿಯಲ್ಲಿ ನೌಕಾಪಡೆ ಬಂಡೆದ್ದದ್ದು ಆ ಅಳುಕು ಸುಳ್ಳಲ್ಲವೆಂದು ತೋರಿಸಿತು.

ಯುದ್ಧ ನಡೆಯುತ್ತಿದ್ದಾಗ ಸಿಕ್ಕವರಿಗೆ ಈ ಅದೃಷ್ಟ ಇರಲಿಲ್ಲ. ಕೇರಳದ ವಕ್ಕಂ ಅಬ್ದುಲ್ ಖಾದರ್ ಪಿನಾಂಗ್‌ನಲ್ಲಿ ತರಬೇತಿ ಪಡೆದು 1942ರಲ್ಲಿ ಜಲಾಂತರ್ಗಾಮಿಯಲ್ಲಿ ಬಂದು ಮಲಬಾರಿನ ತಾನೂರು ಕಡಲತೀರದಲ್ಲಿ ಇಳಿದು ಸಿಕ್ಕಿಬಿದ್ದರು. 1943ರ ಸೆಪ್ಟೆಂಬರ್ 10ರಂದು ಮದರಾಸು ಜೈಲಿನಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಅವರ ಮೇಲಿನ ಆರೋಪವೂ ದೊರೆಯ ವಿರುದ್ಧ ಯುದ್ಧಕ್ಕೆ ಸಂಚು ಎಂಬುದೇ. ಅವರ ಪರವಾಗಿ ಬೀದಿಗಿಳಿಯಲು ಆಗ ದೇಶಕ್ಕೆ ಸುದ್ದಿಯೇ ಗೊತ್ತಿರಲಿಲ್ಲ.

ಆಮೇಲೆ

ಸ್ವಾತಂತ್ರ್ಯ ಬಂದ ಮೇಲೂ ಫೌಜ್‌ನವರನ್ನು ಸೇನೆಗೆ ಮರಳಿ ತೆಗೆದುಕೊಳ್ಳಲಿಲ್ಲ. ಜಪಾನೀಯರ ಸೆರೆಯಲ್ಲಿ ಹಿಂಸೆ ಉಂಡರೂ ಪ್ರತಿಜ್ಞೆ ಮುರಿಯದ ಸಿಪಾಯಿಗಳೂ ಇದ್ದರು; ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಶಿಸ್ತು ಕೆಡುತ್ತದೆ ಎಂಬುದು ಸೇನೆಯ ವಾದ. 1972ರ ಸ್ವಾತಂತ್ರ್ಯ ಯೋಧರ ಪಿಂಚಣಿ ಯೋಜನೆಯಲ್ಲಿ ಫೌಜ್‌ನವರಿಗೂ ಜಾಗ ಸಿಕ್ಕಿತು. ಅಷ್ಟು ಹೊತ್ತಿಗೆ ಕಾಲು ಶತಮಾನ ಕಳೆದಿತ್ತು.

ಶಾ ನವಾಜ್ ಸಂಸದರಾದರು. ಸಹಗಲ್ ಝಾನ್ಸಿ ರಾಣಿ ರೆಜಿಮೆಂಟಿನ ಡಾ. ಲಕ್ಷ್ಮಿ ಅವರನ್ನು ಮದುವೆಯಾಗಿ ಕಾನ್ಪುರದಲ್ಲಿ ನೆಲೆಸಿದರು. ಧಿಲ್ಲೋನ್‌ಗೆ 1998ರಲ್ಲಿ ಪದ್ಮಭೂಷಣ ಬಂತು. ಭೂಲಾಭಾಯಿ ಮಾತ್ರ ಸ್ವಾತಂತ್ರ್ಯ ಕಾಣಲಿಲ್ಲ. ವಿಚಾರಣೆ ಮುಗಿದ ನಾಲ್ಕೇ ತಿಂಗಳಲ್ಲಿ, 1946ರ ಮೇ 6ರಂದು ಅವರು ತೀರಿಕೊಂಡರು.