ಮಜ್ದಾ (ವಾಹನ ತಯಾರಿಕಾ ಸಂಸ್ಥೆ)

ಮಜ್ದಾ ಜಪಾನಿನ ಮೋಟಾರು ವಾಹನ ತಯಾರಿಕಾ ಸಂಸ್ಥೆಗಳಲ್ಲೊಂದು. ಇದರ ಪ್ರಧಾನ ಕಚೇರಿ ಹಿರೋಷಿಮಾ ನಗರಕ್ಕೆ ಹೊಂದಿಕೊಂಡಿರುವ ಫುಚು ಪಟ್ಟಣದಲ್ಲಿದೆ. ಟೊಯೋಟಾ, ಹೋಂಡಾಗಳಿಗಿಂತ ಗಾತ್ರದಲ್ಲಿ ಚಿಕ್ಕದಾದರೂ, ಇತರರು ಕೈಬಿಟ್ಟ ರೋಟರಿ ಎಂಜಿನ್ನನ್ನು ಪಟ್ಟುಹಿಡಿದು ಬೆಳೆಸಿದ ಕಾರಣದಿಂದ ಈ ಸಂಸ್ಥೆಗೆ ಮೋಟಾರು ಚರಿತ್ರೆಯಲ್ಲಿ ವಿಶಿಷ್ಟ ಸ್ಥಾನವಿದೆ.

ಆರಂಭ ಮತ್ತು ಹೆಸರು

ಸಂಸ್ಥೆಯು 1920ರಲ್ಲಿ ಹಿರೋಷಿಮಾದಲ್ಲಿ 'ಟೊಯೊ ಕಾರ್ಕ್ ಕೊಗ್ಯೊ' ಎಂಬ ಹೆಸರಿನ ಕಾರ್ಕ್ ಕಾರ್ಖಾನೆಯಾಗಿ ಹುಟ್ಟಿತು. ಮರುವರ್ಷ ಜುಜಿರೊ ಮತ್ಸುದಾ ಅದರ ಅಧ್ಯಕ್ಷರಾದರು. ಯಂತ್ರೋಪಕರಣಗಳತ್ತ ಹೊರಳಿದ ಮೇಲೆ 1927ರಲ್ಲಿ ಹೆಸರಿನಿಂದ 'ಕಾರ್ಕ್' ಬಿಟ್ಟುಹೋಯಿತು. 1931ರಲ್ಲಿ ಸರಕು ಸಾಗಿಸುವ ತ್ರಿಚಕ್ರ ವಾಹನ 'ಮಜ್ದಾ-ಗೊ' ತಯಾರಾಯಿತು. ಮಜ್ದಾ ಎಂಬುದು ಪಾರಸಿಗಳು ಆರಾಧಿಸುವ ಅಹುರ ಮಜ್ದನ ಹೆಸರು; ಅಧ್ಯಕ್ಷರ ಮನೆತನದ ಹೆಸರಿಗೂ ಅದು ಹೊಂದುತ್ತಿತ್ತು. ಆದರೆ ಸಂಸ್ಥೆಯು ಅಧಿಕೃತವಾಗಿ ಈ ಹೆಸರನ್ನು ತಳೆದದ್ದು 1984ರಲ್ಲಿ.

ಅಣುಬಾಂಬ್ ದಾಳಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಯು ಸೇನೆಗೆ ಬಂದೂಕುಗಳನ್ನು ತಯಾರಿಸುತ್ತಿತ್ತು. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಅಣುಬಾಂಬ್ ಬಿದ್ದಾಗ ನಗರದ ನಡುಭಾಗ ನೆಲಸಮವಾಯಿತು. ಅಂದು ಮತ್ಸುದಾ ಅವರ ಎಪ್ಪತ್ತನೆಯ ಹುಟ್ಟುಹಬ್ಬ. ಸ್ಫೋಟಸ್ಥಳದಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿದ್ದ ಕಾರ್ಖಾನೆಗೆ ನಡುವೆ ಇದ್ದ ಹಿಜಿಯಾಮ ಗುಡ್ಡ ಮರೆಯಾಯಿತು. ಕಟ್ಟಡಗಳು ಬಹುಮಟ್ಟಿಗೆ ಉಳಿದವು. ಆದರೆ ಕಾರ್ಮಿಕರಲ್ಲಿ ಅನೇಕರು ಮಡಿದರು. ಸರ್ಕಾರಿ ಕಟ್ಟಡಗಳು ನಾಶವಾದುದರಿಂದ ಪ್ರಾಂತ್ಯದ ಆಡಳಿತ ಕಚೇರಿಯು ಕೆಲವು ತಿಂಗಳು ಈ ಕಾರ್ಖಾನೆಯ ಆವರಣದಲ್ಲಿಯೇ ನಡೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ತ್ರಿಚಕ್ರ ವಾಹನಗಳ ತಯಾರಿಕೆ ಮರಳಿ ಆರಂಭವಾಯಿತು.

ರೋಟರಿ ಎಂಜಿನ್

1960ರಲ್ಲಿ ಸಂಸ್ಥೆಯ ಮೊದಲ ಪ್ರಯಾಣಿಕ ಕಾರು 'ಆರ್360' ಹೊರಬಂದಿತು. ಅದೇ ಹೊತ್ತಿಗೆ ಜಪಾನ್ ಸರ್ಕಾರವು ಚಿಕ್ಕ ಕಾರು ಸಂಸ್ಥೆಗಳನ್ನು ದೊಡ್ಡವುಗಳೊಡನೆ ವಿಲೀನಗೊಳಿಸುವ ಆಲೋಚನೆಯಲ್ಲಿತ್ತು. ಬೇರಾರಲ್ಲಿಯೂ ಇಲ್ಲದ ತಂತ್ರಜ್ಞಾನವೊಂದಿಲ್ಲದೆ ಸ್ವತಂತ್ರವಾಗಿ ಉಳಿಯುವುದು ಅಸಾಧ್ಯವೆಂದು ಅಂದಿನ ಅಧ್ಯಕ್ಷ ತ್ಸುನೆಜಿ ಮತ್ಸುದಾ ಮನಗಂಡರು. 1961ರಲ್ಲಿ ಜರ್ಮನಿಯ ಎನ್‌ಎಸ್‌ಯು ಸಂಸ್ಥೆಯಿಂದ, ಫೆಲಿಕ್ಸ್ ವ್ಯಾಂಕೆಲ್ ರೂಪಿಸಿದ ರೋಟರಿ ಎಂಜಿನ್ನಿನ ಪರವಾನಗಿ ಪಡೆಯಲಾಯಿತು.

ಸಾಮಾನ್ಯ ಎಂಜಿನ್ನಿನಲ್ಲಿ ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಚಲಿಸುತ್ತದೆ. ಇದರಲ್ಲಾದರೋ ತ್ರಿಕೋನಾಕಾರದ ಬಿಲ್ಲೆಯೊಂದು ರೇಷ್ಮೆಗೂಡಿನ ಆಕಾರದ ಕೋಣೆಯೊಳಗೆ ತಿರುಗುತ್ತದೆ. ಬಿಡಿಭಾಗಗಳು ಕಡಿಮೆ, ಅದುರುವಿಕೆಯೂ ಕಡಿಮೆ. ತೊಡಕಿದ್ದುದು ತ್ರಿಕೋನದ ಮೂರು ತುದಿಗಳಲ್ಲಿ. ಅಲ್ಲಿನ ಮುದ್ರೆಪಟ್ಟಿಗಳು ಅನಿಲ ಸೋರದಂತೆ ಕೋಣೆಯ ಗೋಡೆಗೆ ಒತ್ತಿಕೊಂಡಿರಬೇಕು. ಆದರೆ ತಿರುಗುವಾಗ ಅವು ಕಂಪಿಸಿ ಗೋಡೆಯನ್ನು ಗೀರುತ್ತಿದ್ದವು. ತಂತ್ರಜ್ಞರು ಇವನ್ನು 'ಪಿಶಾಚಿಯ ಉಗುರಿನ ಗೀರು' ಎಂದು ಕರೆದರು. ಕೆನಿಚಿ ಯಮಮೊತೊ ನೇತೃತ್ವದ ತಂಡವು ಇಂಗಾಲ ಮತ್ತು ಅಲ್ಯೂಮಿನಿಯಂ ಬೆರೆತ ಪಟ್ಟಿಗಳಿಂದ ಈ ತೊಡಕನ್ನು ಪರಿಹರಿಸಿತು. 1967ರಲ್ಲಿ 'ಕಾಸ್ಮೊ ಸ್ಪೋರ್ಟ್' ಮಾರುಕಟ್ಟೆಗೆ ಬಂದಿತು. ಮೂಲ ಪರವಾನಗಿ ನೀಡಿದ ಎನ್‌ಎಸ್‌ಯು ತಾನೇ 1969ರಲ್ಲಿ ಸ್ವತಂತ್ರ ಅಸ್ತಿತ್ವ ಕಳೆದುಕೊಂಡದ್ದು ಗಮನಾರ್ಹ.

ತೈಲ ಬಿಕ್ಕಟ್ಟು ಮತ್ತು ಅನಂತರ

ಸ್ವಾತಂತ್ರ್ಯವನ್ನು ಉಳಿಸಲೆಂದು ಆರಿಸಿಕೊಂಡ ಎಂಜಿನ್ನೇ ಸಂಸ್ಥೆಯನ್ನು ಸಂಕಟಕ್ಕೆ ದೂಡಿತು. ರೋಟರಿ ಕಾರುಗಳು ಹೆಚ್ಚು ಪೆಟ್ರೋಲ್ ಕುಡಿಯುತ್ತಿದ್ದುದರಿಂದ 1973ರ ತೈಲ ಬಿಕ್ಕಟ್ಟಿನಲ್ಲಿ ಮಾರಾಟ ಕುಸಿಯಿತು. ಸುಮಿತೊಮೊ ಬ್ಯಾಂಕ್ ನೆರವಿಗೆ ಬಂದಿತು; ಕಾರ್ಖಾನೆಯ ನೌಕರರನ್ನು ಕಾರು ಮಾರಲು ಮಳಿಗೆಗಳಿಗೆ ಕಳುಹಿಸಲಾಯಿತು. 1979ರಲ್ಲಿ ಅಮೆರಿಕದ ಫೋರ್ಡ್ ಸುಮಾರು ಕಾಲುಭಾಗ ಷೇರು ಪಡೆಯಿತು. 1996ರಲ್ಲಿ ಫೋರ್ಡಿನ ಪಾಲು ಮೂರನೆಯ ಒಂದಂಶಕ್ಕೆ ಏರಿದಾಗ ಹೆನ್ರಿ ವಾಲೇಸ್ ಅಧ್ಯಕ್ಷರಾದರು. ಜಪಾನಿನ ಕಾರು ಸಂಸ್ಥೆಯೊಂದಕ್ಕೆ ವಿದೇಶಿಯನೊಬ್ಬ ಅಧ್ಯಕ್ಷನಾದದ್ದು ಅದೇ ಮೊದಲು. 2015ರ ವೇಳೆಗೆ ಫೋರ್ಡ್ ತನ್ನ ಷೇರುಗಳನ್ನೆಲ್ಲ ಮಾರಿತು. 2017ರಲ್ಲಿ ಟೊಯೋಟಾದೊಡನೆ ಬಂಡವಾಳ ಒಪ್ಪಂದವಾಯಿತು.

ಇಷ್ಟಾದರೂ ರೋಟರಿಯನ್ನು ಸಂಸ್ಥೆ ಬಿಡಲಿಲ್ಲ. 1978ರಲ್ಲಿ 'ಆರ್‌ಎಕ್ಸ್-7' ಬಂದಿತು. 1991ರಲ್ಲಿ '787ಬಿ' ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ಸ್ಪರ್ಧೆಯನ್ನು ಗೆದ್ದ ಮೊದಲ ಜಪಾನೀ ಕಾರಾಯಿತು. 2012ರಲ್ಲಿ 'ಆರ್‌ಎಕ್ಸ್-8' ತಯಾರಿಕೆ ನಿಂತಿತು. 2023ರಲ್ಲಿ ವಿದ್ಯುತ್ ಕಾರಿನ ಬ್ಯಾಟರಿಗೆ ಚಾರ್ಜ್ ಒದಗಿಸುವ ಜನರೇಟರಿನ ರೂಪದಲ್ಲಿ ರೋಟರಿ ಮರಳಿತು.

ಭಾರತದಲ್ಲಿ

1980ರ ದಶಕದಲ್ಲಿ ಪಂಜಾಬಿನ ಸಂಸ್ಥೆಯೊಂದರ ಸಹಯೋಗದಲ್ಲಿ ತಯಾರಾದ 'ಸ್ವರಾಜ್ ಮಜ್ದಾ' ಲಘು ಟ್ರಕ್ಕು ಹಾಗೂ ಮಿನಿ ಬಸ್ಸುಗಳ ಮೂಲಕ ಈ ಹೆಸರು ಭಾರತೀಯರಿಗೆ ಪರಿಚಿತವಾಯಿತು.